ಗಲ್ಲಾದಲ್ಲಿ ಯಾರು ಕೂರೋದು?

ಕಡಲ ತಡಿಯ ಹೋಟೆಲಿಗೆ ಹೋದ ಸ್ನೇಹಿತರಿಗೆ ಎರಡನೇ ಕಾಫಿಯ ಹೊತ್ತಿಗೆ ಒಂದು ಯೋಚನೆ ಬಂದೇ ಬರುತ್ತದೆ. ‘ಇಂಥದ್ದೊಂದು ಹೋಟೆಲ್ ನಾವೇ ಸೇರಿ ನಡೆಸಿದರೆ ಹೇಗೆ?’ ಮಲ್ಪೆಯಲ್ಲೂ ಬರುತ್ತದೆ, ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಬರುತ್ತದೆ. ಅಲ್ಲಿ ಕಂಪ್ಯೂಟರ್ ಕುಟ್ಟುತ್ತಿರುವ ನನ್ನ ಗೆಳೆಯರಿಗೆ ಈ ಹುಚ್ಚು ಹತ್ತಿದ್ದು ಕ್ಲಿಫ್ ಹೌಸ್ ಎಂಬ ಹಳೇ ಹೋಟೆಲ್ ಮುಚ್ಚಿದ ಮೇಲೆ.

ಕ್ಲಿಫ್ ಹೌಸ್ ಇರುವುದು ಊರಿನ ಪಶ್ಚಿಮದ ಅಂಚಿನಲ್ಲಿ, ಪೆಸಿಫಿಕ್ ಸಾಗರಕ್ಕೆ ಮುಖ ಮಾಡಿದ ಬಂಡೆಯ ನೆತ್ತಿಯ ಮೇಲೆ. ಶುರುವಾದದ್ದು 1863ರಲ್ಲಿ. ಎದುರಿನ ಸೀಲ್ ರಾಕ್ಸ್ ಎಂಬ ಬಂಡೆಗಳ ಮೇಲೆ ಕಡಲಸಿಂಹಗಳು ಮೈಚಾಚಿ ಬಿದ್ದಿರುತ್ತಿದ್ದವು. ಜನ ಅವನ್ನು ನೋಡುತ್ತಾ ಊಟ ಮಾಡುತ್ತಿದ್ದರು.

ಆದರೆ ಅದರ ಜಾತಕ ನೋಡಿದರೆ ಯಾರೂ ಪಾಲು ಹಾಕಲಾರರು. 1887ರಲ್ಲಿ ಡೈನಮೈಟ್ ಹೇರಿಕೊಂಡಿದ್ದ ಪ್ಯಾರಲಲ್ ಎಂಬ ಹಡಗು ಕೆಳಗಿನ ಬಂಡೆಗೆ ಬಡಿದು ಸಿಡಿಯಿತು, ಕಟ್ಟಡ ಜಖಂ ಆಯಿತು. 1894ರ ಕ್ರಿಸ್‌ಮಸ್ ದಿನ ಬೆಂಕಿ ಬಿದ್ದು ಎಲ್ಲವೂ ಬೂದಿ. ಆಗಿನ ಯಜಮಾನ ಅಡಾಲ್ಫ್ ಸೂಟ್ರೋ ನೆವಾಡಾದ ಬೆಳ್ಳಿ ಗಣಿಗಳಿಗೆ ಸುರಂಗ ಕೊರೆಸಿ ದುಡ್ಡು ಮಾಡಿದ್ದವನು, ಸುಮ್ಮನೆ ಕೂರುವ ಆಸಾಮಿಯಲ್ಲ. 1896ರಲ್ಲಿ ಗೋಪುರಗಳಿದ್ದ ಅರಮನೆಯನ್ನೇ ಎಬ್ಬಿಸಿದ. 1906ರ ಭೂಕಂಪಕ್ಕೆ ಊರಿಗೆ ಊರೇ ಉರಿದರೂ ಅರಮನೆ ನಿಂತಿತು. ಮರುವರ್ಷ ಅದಕ್ಕೇ ಪ್ರತ್ಯೇಕವಾಗಿ ಬೆಂಕಿ ಬಿತ್ತು! 1909ರಲ್ಲಿ ಸೂಟ್ರೋನ ಮಗಳು ಬುದ್ಧಿವಂತಿಕೆ ಮಾಡಿ ಕಾಂಕ್ರೀಟಿನಲ್ಲಿ ಕಟ್ಟಿಸಿದಳು. ಗೋಪುರ ಗೀಪುರ ಏನಿಲ್ಲ.

1973ರಿಂದ ಅದನ್ನು ನಡೆಸಿದ್ದು ಒಬ್ಬ ಗಂಡ, ಒಬ್ಬ ಹೆಂಡತಿ. 1977ರಲ್ಲಿ ಜಾಗ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ಸೇರಿತು. ಕೊನೆಗೆ ಕೊರೊನಾ ಕಾಲದ ನಷ್ಟ, ಗುತ್ತಿಗೆಯ ಎಳೆದಾಟ ಎಲ್ಲ ಸೇರಿ 2020ರ ಡಿಸೆಂಬರ್ 31ಕ್ಕೆ ಬಾಗಿಲು ಹಾಕಿದರು. ಗೋಡೆಯ ಮೇಲಿನ ದೊಡ್ಡ ಅಕ್ಷರಗಳನ್ನೂ ಇಳಿಸಿದರು. ಮುಂದಿನ ವರ್ಷ ಸಾಮಾನೆಲ್ಲ ಹರಾಜಿಗೆ ಬಂತು. ಊರಿನ ಇತಿಹಾಸದ ಹುಚ್ಚಿರುವ ಒಂದು ಸಂಘದವರು ಚಂದಾ ಎತ್ತಿ ಆದಷ್ಟು ಕೊಂಡು ಉಳಿಸಿದರು. ಹೋಟೆಲಿನ ಹಳೇ ಸಾಮಾನಿಗೆ ಜನ ಚಂದಾ ಕೊಡುತ್ತಾರೆ ಅಂದರೆ, ಅಲ್ಲಿ ಬರೀ ಊಟ ಬಡಿಸುತ್ತಿರಲಿಲ್ಲ, ಅಲ್ವಾ?

ನನ್ನ ಗೆಳೆಯರು ತಲೆ ಕೆಡಿಸಿಕೊಂಡದ್ದು ಇಲ್ಲೇ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜುಲೈ ತಿಂಗಳಲ್ಲೂ ಮಂಜು ಕವಿದು ಸ್ವೆಟರ್ ಹಾಕಬೇಕಾಗುತ್ತದೆ. ಅಂಥ ಚಳಿಗೆ ಬಿಸಿಬಿಸಿ ಗೋಳಿಬಜೆ ಕೊಟ್ಟರೆ ಯಾರು ಬೇಡ ಅಂತಾರೆ? ಈ ವಾದಕ್ಕೆ ನನ್ನ ಬಳಿ ಉತ್ತರವಿಲ್ಲ. ನಾನು ಕೇಳಿದ್ದು ಒಂದೇ ಪ್ರಶ್ನೆ: ಗಲ್ಲಾದಲ್ಲಿ ಯಾರು ಕೂರೋದು?

ನಮ್ಮ ಕರಾವಳಿಯವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಮುಂಬೈಗೆ ಹೋಗಿ ಲೋಟ ತೊಳೆದು, ಸಪ್ಲೈಯರ್ ಆಗಿ, ಆಮೇಲೆ ನಾಲ್ಕು ಜನ ಸೇರಿ ಹೋಟೆಲ್ ಹಿಡಿದವರು ಅಲ್ಲಿ ಬೇಕಾದಷ್ಟಿದ್ದಾರೆ. ಅವರು ಮೊದಲು ಇತ್ಯರ್ಥ ಮಾಡಿಕೊಳ್ಳುತ್ತಿದ್ದದ್ದು ಗಲ್ಲಾದ ಪಾಳಿಯನ್ನು. ಬೆಳಗ್ಗೆ ನೀನು, ಸಂಜೆ ನಾನು. ದುಡ್ಡಿನ ಮೇಲಿನ ಅನುಮಾನ ಒಂದು ಕಾರಣ, ಒಪ್ಪೋಣ. ಆದರೆ ಕಡಲ ತಡಿಯಲ್ಲಿ ಇನ್ನೂ ಒಂದು ಕಾರಣವಿದೆ. ಗಿರಾಕಿ ಕೂರುವುದು ಕಡಲಿನ ಕಡೆ ಮುಖ ಮಾಡಿ. ಗಲ್ಲಾದವನು ಕೂರುವುದು ಗಿರಾಕಿಯ ಕಡೆ ಮುಖ ಮಾಡಿ. ಬಾಡಿಗೆ ಕಟ್ಟುವವನ ಬೆನ್ನಿಗೆ ಸೂರ್ಯಾಸ್ತ! ಒಬ್ಬನೇ ಹೋಟೆಲ್ ಇಟ್ಟರೆ ಅವನ ಆಯುಷ್ಯವೆಲ್ಲ ಬಿಲ್ಲು, ಚಿಲ್ಲರೆ, ಸೋಂಪಿನ ತಟ್ಟೆ ನೋಡುವುದರಲ್ಲೇ ಕಳೆಯುತ್ತದೆ. ಪಾಲಿಗೆ ಗೆಳೆಯನಿದ್ದರೆ ‘ಐದು ನಿಮಿಷ ಕೂತಿರು ಮಾರಾಯ’ ಎಂದು ಎದ್ದು ಹೋಗಿ ಕಡಲು ನೋಡಿ ಬರಬಹುದು. ಲಾಭದಲ್ಲಿ ಅರ್ಧ ಬಿಟ್ಟುಕೊಡುವುದಕ್ಕೆ ಇದಕ್ಕಿಂತ ಒಳ್ಳೆ ಕಾರಣ ನನಗೆ ಹೊಳೆಯುವುದಿಲ್ಲ.

ಇದನ್ನು ಗುಂಪಿನಲ್ಲಿ ಬರೆದು ಹಾಕಿದೆ. ಎಲ್ಲರೂ ಹೃದಯದ ಚಿತ್ರ ಒತ್ತಿದರು. ಗಲ್ಲಾದಲ್ಲಿ ಕೂರಲು ಯಾರೂ ಒಪ್ಪಲಿಲ್ಲ, ಎಲ್ಲರಿಗೂ ಸೂರ್ಯಾಸ್ತದ ಪಾಳಿಯೇ ಬೇಕಂತೆ. ಪಾತ್ರೆ ತೊಳೆಯುವ ಮಾತು ಇನ್ನೂ ಎತ್ತಿಲ್ಲ. ಸದ್ಯಕ್ಕೆ ತೀರ್ಮಾನವಾಗಿರುವುದು, ಬನ್ಸ್ ಜೊತೆ ಚಟ್ನಿ ಕೊಡುವುದು ಎಂದಷ್ಟೇ. ಸಾಂಬಾರೂ ಇರಲಿ ಅಂದವನು ಬೆಂಗಳೂರಿನವನು. ಅವನ ಪಾಲು ಎಷ್ಟಿರಬೇಕು ಎಂಬ ಬಗ್ಗೆ ಚರ್ಚೆ ನಡೆದಿದೆ.