ಕತ್ತನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು

ಕತ್ತು ಹಿಡಿದುಕೊಂಡವರು ಮೊದಲು ಕಳೆದುಕೊಳ್ಳುವುದು ಓರೆನೋಟವನ್ನು. ಪಕ್ಕದಿಂದ ಯಾರಾದರೂ ಕರೆದರೆ ಪಾದದಿಂದ ಭುಜದವರೆಗೆ ಇಡೀ ದೇಹವನ್ನೇ ತಿರುಗಿಸಿ, ಕರೆದವರಿಗೆ ಅಪಾರ ಗೌರವ ಸಲ್ಲಿಸುತ್ತಿರುವವರಂತೆ ನಿಲ್ಲಬೇಕಾಗುತ್ತದೆ. ಬೇಡವೆಂದು ತಲೆಯಾಡಿಸಲಾಗದೆ ಬೇಡದ ಕೆಲಸಗಳನ್ನು ಒಪ್ಪಿಕೊಂಡವರೂ ಇದ್ದಾರೆಂದು ನನ್ನ ಗುಮಾನಿ. ಸುಮಾರು ಐದು ಕಿಲೋ ತೂಗುವ ತಲೆಯನ್ನು ಹೊತ್ತಿರುವುದು ಬೆನ್ನುಮೂಳೆಯ ಏಳೇ ಮಣಿಗಳು. ಎಡಬಲಕ್ಕೆ ತಿರುಗುವ ಚಲನೆಯಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮೇಲಿನ ಎರಡು ಮಣಿಗಳ ನಡುವೆಯೇ ನಡೆಯುತ್ತದೆ. (ಜಿರಾಫೆಗೂ ಏಳೇ ಮಣಿಗಳು. ಅದರ ಕತ್ತು ಹಿಡಿದುಕೊಂಡರೆ ಎಲ್ಲಿಂದ ಒತ್ತಲು ಶುರುಮಾಡಬೇಕೋ!)

ಇಂಥ ಕತ್ತನ್ನು ಕೈಯಿಂದಲೇ ಸಡಿಲಿಸುವ ಚಿಕಿತ್ಸೆಯಲ್ಲಿ ಅತ್ಯಂತ ಕಷ್ಟದ ಕೆಲಸ ಚಿಕಿತ್ಸಕರದಲ್ಲ, ಮಲಗಿಕೊಂಡವರದು. 'ತಲೆಯ ಭಾರವನ್ನು ನನ್ನ ಕೈಗೆ ಬಿಡಿ' ಎಂದು ಫಿಸಿಯೋಥೆರಪಿಸ್ಟ್ ಹೇಳುತ್ತಾರೆ. ಬಿಟ್ಟಿದ್ದೇನೆಂದು ನಾವು ಪ್ರಾಮಾಣಿಕವಾಗಿಯೇ ಹೇಳುತ್ತೇವೆ. ಅವರು ಕೈಯನ್ನು ಮೆಲ್ಲಗೆ ಒಂದಿಷ್ಟು ಕೆಳಕ್ಕಿಳಿಸಿದರೆ ತಲೆ ಮಾತ್ರ ಇದ್ದಲ್ಲೇ, ಗಾಳಿಯಲ್ಲಿ, ಬಿಗುಮಾನದಿಂದ ನಿಂತಿರುತ್ತದೆ. ಎಚ್ಚರವಿರುವಷ್ಟು ಹೊತ್ತೂ ತಲೆಯನ್ನು ಎತ್ತಿಹಿಡಿದೇ ರೂಢಿಯಾದ ಸ್ನಾಯುಗಳಿಗೆ, ಅದನ್ನು ಇನ್ನೊಬ್ಬರು ಹಿಡಿದುಕೊಳ್ಳಬಹುದೆಂಬ ನಂಬಿಕೆ ಮಾತಿನಿಂದ ಬರುವುದಿಲ್ಲ, ಆ ಕೈಯ ಸ್ಥಿರತೆಯಿಂದಲೇ ಬರಬೇಕು.

ನುರಿತ ಕೈ ಬಲವನ್ನು ತೋರಿಸುವುದಕ್ಕಿಂತ ಹೆಚ್ಚಾಗಿ ಪ್ರತಿರೋಧವನ್ನು ಅಳೆಯುತ್ತದೆ. ಮಳೆಗಾಲದಲ್ಲಿ ಉಬ್ಬಿದ ಮರದ ಬಾಗಿಲನ್ನು ಗುದ್ದದೆ, ಅಲ್ಲಾಡಿಸಿ ಎಲ್ಲಿ ಕಚ್ಚಿದೆಯೆಂದು ನೋಡುವ ಹಾಗೆ, ಹೆಬ್ಬೆರಳು ಒಂದೊಂದೇ ಮಣಿಯ ಮೇಲೆ ನಿಂತು ವಿಚಾರಿಸುತ್ತದೆ. ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟ್ ಜೆಫ್ರಿ ಮೈಟ್‌ಲೆಂಡ್ ಈ ಲಯಬದ್ಧ ಒತ್ತುವಿಕೆಗೆ ಶ್ರೇಣಿಗಳನ್ನೇ ಗೊತ್ತುಮಾಡಿದರು: ನೋವು ಮೇಲುಗೈಯಾಗಿದ್ದಾಗ ಬಿಗಿತದ ಗಡಿಯನ್ನು ಮುಟ್ಟದ ಮೊದಲೆರಡು ಶ್ರೇಣಿಗಳು, ಬಿಗಿತವೇ ಮುಖ್ಯವಾಗಿದ್ದಾಗ ಆ ಗಡಿಯವರೆಗೂ ಹೋಗುವ ಮುಂದಿನೆರಡು. ನ್ಯೂಜಿಲೆಂಡಿನ ಬ್ರಯಾನ್ ಮಲ್ಲಿಗನ್ ಅವರ ವಿಧಾನ ನನಗೆ ಇನ್ನೂ ಇಷ್ಟ. ಅದರಲ್ಲಿ ಚಿಕಿತ್ಸಕರು ಕೀಲನ್ನು ತುಸು ಜಾರಿಸಿ ಹಿಡಿದಿರುವಾಗಲೇ ಕತ್ತನ್ನು ತಿರುಗಿಸುವವರು ನಾವು, ಮತ್ತು ಹಾಗೆ ತಿರುಗಿಸುವಾಗ ನೋವಾಗಲೇಬಾರದೆಂಬುದು ಆ ವಿಧಾನದ ನಿಯಮ. ನೋವಾದಷ್ಟೂ ಗುಣ ಹೆಚ್ಚೆಂದು ಹಲ್ಲುಕಚ್ಚಿ ಮಲಗುವವರು ಇದನ್ನು ಗಮನಿಸಬೇಕು.

ಆದರೆ ಜನಕ್ಕೆ ಬೇಕಾಗಿರುವುದು ಸದ್ದು. 'ಟಕ್' ಎನ್ನದಿದ್ದರೆ ಕೊಟ್ಟ ಹಣ ದಂಡವೆನಿಸುತ್ತದೆ, ಸದ್ದು ಬಂದರೆ ಸರಿದ ಮೂಳೆ ಸ್ವಸ್ಥಾನಕ್ಕೆ ಬಂತೆಂಬ ಸಮಾಧಾನ. ಅಸಲಿಗೆ ಅಲ್ಲಿ ಯಾವ ಮೂಳೆಯೂ ಊರು ಬಿಟ್ಟಿರುವುದಿಲ್ಲ. ಕೀಲಿನ ಮೇಲ್ಮೈಗಳು ಫಕ್ಕನೆ ದೂರವಾದಾಗ ನಡುವಿನ ದ್ರವದಲ್ಲಿ ಅನಿಲದ ಗುಳಿ ಹುಟ್ಟುತ್ತದೆ. 2015ರಲ್ಲಿ ಸಂಶೋಧಕರು ಬೆರಳಿನ ಲಟಿಕೆಯನ್ನು ಎಂಆರ್‌ಐ ಯಂತ್ರದೊಳಗೆ ಮುರಿಸಿ ಅದನ್ನು ಕಣ್ಣಾರೆ ಕಂಡರು. ಒಮ್ಮೆ ಲಟಿಕೆ ಮುರಿದ ಬೆರಳು ಸುಮಾರು ಇಪ್ಪತ್ತು ನಿಮಿಷ ಮತ್ತೆ ಸದ್ದು ಕೊಡದಿರುವುದೂ ಇದೇ ಕಾರಣಕ್ಕೆ. ಸದ್ದಿನ ಮೋಹಕ್ಕೆ ನನ್ನ ವಿರೋಧ ಬರಿಯ ಅಭಿರುಚಿಯದಲ್ಲ. ಕತ್ತಿನ ಮೇಲಿನ ಆರು ಮಣಿಗಳ ಪಕ್ಕದ ರಂಧ್ರಗಳಲ್ಲಿ ಹಾದು ಮಿದುಳಿಗೆ ರಕ್ತ ಒಯ್ಯುವ ಎರಡು ಅಪಧಮನಿಗಳಿವೆ. ರಭಸದ ತಿರುವಿನ ನಂತರ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಬಡಿದ ಪ್ರಸಂಗಗಳು ಅಪರೂಪವಾದರೂ ವೈದ್ಯಕೀಯ ದಾಖಲೆಗಳಲ್ಲಿವೆ. ತರಬೇತಿಯಿಲ್ಲದ ಕೈಗೆ ಬೆನ್ನು ಕೊಟ್ಟರೂ ಕೊಡಬಹುದೇನೋ, ಕತ್ತನ್ನಂತೂ ಕೊಡಬಾರದು. ಕೈ ಜೋಮು ಹಿಡಿಯುತ್ತಿದ್ದರೆ, ಬಲಗುಂದಿದ್ದರೆ, ಬಿದ್ದು ಪೆಟ್ಟಾಗಿದ್ದರೆ, ಜ್ವರ ಜೊತೆಗಿದ್ದರೆ ಮೊದಲು ಹೋಗಬೇಕಾದದ್ದು ವೈದ್ಯರಲ್ಲಿಗೆ.

ಮೂಳೆ ಸರಿಯದಿದ್ದರೆ ಹಾಯೆನಿಸುವುದೇಕೆ? 1965ರಲ್ಲಿ ನೋವಿನ ಸಂಶೋಧಕರಾದ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಮಂಡಿಸಿದ ಸಿದ್ಧಾಂತದ ಪ್ರಕಾರ ಸ್ಪರ್ಶ ಮತ್ತು ಒತ್ತಡದ ಸಂದೇಶಗಳು ನೋವಿನ ಸಂದೇಶವನ್ನು ಬೆನ್ನುಹುರಿಯಲ್ಲಿಯೇ ತಡೆಯಬಲ್ಲವು. ಪೆಟ್ಟು ಬಿದ್ದ ಮೊಣಕಾಲನ್ನು ನಾವು ತಕ್ಷಣ ಉಜ್ಜಿಕೊಳ್ಳುವುದರ ಹಿಂದಿರುವುದೂ ಇದೇ. ಕೈಚಿಕಿತ್ಸೆಯ ಒಟ್ಟು ಪರಿಣಾಮವನ್ನು ಅಷ್ಟರಿಂದಲೇ ವಿವರಿಸಲಾಗದಾದರೂ, ಬದಲಾಗುವುದು ಮೂಳೆಯ ಜಾಗಕ್ಕಿಂತ ನರಮಂಡಲದ ಮನಸ್ಸು ಎಂಬುದು ಈಗಿನ ತಿಳಿವಳಿಕೆ. ಆ ಮನಸ್ಸೂ ಬಹಳ ಹೊತ್ತು ನಿಲ್ಲುವುದಿಲ್ಲ. ನೋವು ತಗ್ಗಿದ ಆ ಕೆಲವು ಗಂಟೆಗಳಲ್ಲಿ ಕತ್ತನ್ನು ನಾವೇ ಆಡಿಸಿ, ಸ್ನಾಯುಗಳಿಗೆ ಕೆಲಸ ಕೊಡಬೇಕು. ಬರಿಯ ಕೈಚಿಕಿತ್ಸೆಗಿಂತ ವ್ಯಾಯಾಮ ಕೂಡಿದ ಕೈಚಿಕಿತ್ಸೆಗೆ ಹೆಚ್ಚು ಮಹತ್ವ ಕೊಡುವುದು ಇದಕ್ಕಾಗಿ. ನಮ್ಮ ಸೋಮಾರಿತನದ ಬೆಲೆಯನ್ನು ತೆರುವವರು ಚಿಕಿತ್ಸಕರು. ದಿನವಿಡೀ ಒತ್ತಿ ಒತ್ತಿ ಅವರ ಹೆಬ್ಬೆರಳಿಗೇ ನೋವು ಬರುವುದು ಆ ವೃತ್ತಿಯಲ್ಲಿ ಸಾಮಾನ್ಯ.

ವ್ಯಾಯಾಮಗಳೇನೂ ಭಾರಿಯಲ್ಲ. ಅವುಗಳಲ್ಲಿ ಮುಖ್ಯವಾದೊಂದು, ತಲೆಯನ್ನು ಬಗ್ಗಿಸದೆ ಗದ್ದವನ್ನು ನೇರ ಹಿಂದಕ್ಕೆ ಎಳೆದುಕೊಂಡು ಕೆಲವು ಕ್ಷಣ ಹಿಡಿದಿಡುವುದು. ಎಷ್ಟೇ ತೆಳ್ಳಗಿನವರಿಗೂ ಆಗ ಗದ್ದದ ಕೆಳಗೆ ಇನ್ನೊಂದು ಗದ್ದ ಮೂಡಿ, ಮುಖದಲ್ಲಿ ಯಾರನ್ನೋ ಕಂಡು ಅಸಹ್ಯಪಟ್ಟ ಭಾವ ನೆಲೆಸುತ್ತದೆ. ಬಹುಪಾಲು ಜನ ಅದನ್ನು ಎರಡೇ ದಿನಕ್ಕೆ ಕೈಬಿಡಲು ಇದೇ ಕಾರಣವಿದ್ದರೂ ಇರಬಹುದು. ಬಾಗಿಲು ಹಾಕಿಕೊಂಡು ಮಾಡಿದರೂ ಫಲದಲ್ಲಿ ಏನೂ ಕಡಿಮೆಯಾಗುವುದಿಲ್ಲ.