ಸತ್ಯಾಂಶ: ಗಿಡದ ಕೋಶಕ್ಕೂ ಮೈಟೋಕಾಂಡ್ರಿಯಾ ಬೇಕು

ಪರೀಕ್ಷೆ ಹತ್ತಿರ ಬಂದರೆ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಇಂಥದ್ದೊಂದು ಸಾಲು ಓಡಾಡುತ್ತದೆ: "ಸಸ್ಯಕೋಶಕ್ಕೆ ಕ್ಲೋರೋಪ್ಲಾಸ್ಟ್, ಪ್ರಾಣಿಕೋಶಕ್ಕೆ ಮೈಟೋಕಾಂಡ್ರಿಯಾ. ಇಷ್ಟು ನೆನಪಿದ್ದರೆ ಸಾಕು." ಬಾಯಿಪಾಠಕ್ಕೆ ಸುಲಭ, ನಿಜ. ಆದರೆ ಅರ್ಧ ತಪ್ಪು.

ಕ್ಲೋರೋಪ್ಲಾಸ್ಟ್ ಮತ್ತು ಮೈಟೋಕಾಂಡ್ರಿಯಾ ಎರಡೂ ಕೋಶದೊಳಗಿನ ಪುಟ್ಟ ಭಾಗಗಳು. ಹಸಿರು ಬಣ್ಣದ ಕ್ಲೋರೋಪ್ಲಾಸ್ಟ್ ಮಾಡುವುದು ಅಡುಗೆ. ಬೆಳಕು, ನೀರು, ಕಾರ್ಬನ್ ಡೈಆಕ್ಸೈಡ್ ಬಳಸಿ ಸಕ್ಕರೆ ತಯಾರಿಸುತ್ತದೆ. ಆ ಸಕ್ಕರೆಯಿಂದ ಕೋಶದ ಕೆಲಸಕ್ಕೆ ಬೇಕಾದ ಶಕ್ತಿಯನ್ನು ತೆಗೆಯುವುದು ಹೆಚ್ಚಾಗಿ ಮೈಟೋಕಾಂಡ್ರಿಯಾ. ಅದಕ್ಕೆ ಆಕ್ಸಿಜನ್ ಬೇಕು. ಗಿಡವೂ ಹಗಲು ರಾತ್ರಿ ಉಸಿರಾಡುತ್ತದೆ ಅಲ್ವಾ?

ಮನೆಯಲ್ಲೇ ನೋಡಬಹುದು. ನೆನೆಸಿದ ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಕತ್ತಲಲ್ಲಿ ಇಡಿ. ಬೆಳಕಿಲ್ಲದೆಯೂ ಮೊಳಕೆ ಬರುತ್ತದೆ. ಕಾಳಿನಲ್ಲಿ ಕೂಡಿಟ್ಟ ಪಿಷ್ಟ ಸಕ್ಕರೆಯಾಗುತ್ತದೆ, ಮೈಟೋಕಾಂಡ್ರಿಯಾ ಅದನ್ನು ಬಳಸುತ್ತದೆ. ಅದೇ ಕಾಳನ್ನು ದಿನಗಟ್ಟಲೆ ನೀರಲ್ಲೇ ಮುಳುಗಿಸಿಟ್ಟರೆ ಗಾಳಿ ಸಾಲದೆ ಕೊಳೆತು ನಾರುತ್ತದೆ.

ಇನ್ನು, ಎಲ್ಲ ಸಸ್ಯಕೋಶದಲ್ಲೂ ಕ್ಲೋರೋಪ್ಲಾಸ್ಟ್ ಇರುವುದಿಲ್ಲ. ಶಾಲೆಯಲ್ಲಿ ಸೂಕ್ಷ್ಮದರ್ಶಕದಡಿ ತೋರಿಸುವ ಈರುಳ್ಳಿ ಸಿಪ್ಪೆಯನ್ನೇ ನೋಡಿ: ಕೋಶಭಿತ್ತಿ ಕಾಣುತ್ತದೆ, ಅಯೋಡಿನ್ ಹಾಕಿದರೆ ಕೋಶಕೇಂದ್ರವೂ ಕಾಣುತ್ತದೆ, ಹಸಿರು ಮಾತ್ರ ಇಲ್ಲ. ಹಸಿರು ಬೇಕಿದ್ದರೆ ಹೈಡ್ರಿಲ್ಲಾ ಎಂಬ ನೀರುಗಿಡದ ಎಲೆ ಇಡಬೇಕು. ಮೈಟೋಕಾಂಡ್ರಿಯಾ ತುಂಬ ಚಿಕ್ಕದು, ಶಾಲೆಯ ಸೂಕ್ಷ್ಮದರ್ಶಕದಲ್ಲಿ ಸಾಮಾನ್ಯವಾಗಿ ಕಾಣಲ್ಲ. ಗೊಂದಲಕ್ಕೆ ಅದೂ ಒಂದು ಕಾರಣ ಇರಬಹುದು.

ಪ್ರಾಣಿಗಳ ಕಡೆಯೂ ವಿನಾಯಿತಿ ಇದೆ. ನಮ್ಮ ಬಲಿತ ಕೆಂಪು ರಕ್ತಕಣಗಳಲ್ಲಿ ಮೈಟೋಕಾಂಡ್ರಿಯಾನೂ ಇಲ್ಲ, ಕೋಶಕೇಂದ್ರವೂ ಇಲ್ಲ.

ಮಕ್ಕಳ ಪಟ್ಟಿಯಲ್ಲಿ ಮೈಟೋಕಾಂಡ್ರಿಯಾವನ್ನು ಎರಡೂ ಕಡೆ ಬರೆಸಿ. ಕ್ಲೋರೋಪ್ಲಾಸ್ಟ್ ಮುಂದೆ "ಹಸಿರು ಭಾಗಗಳಲ್ಲಿ" ಅಂತ ಸೇರಿಸಿ.