ಪರ-ವಿರೋಧ: ಹಾರ್ಡ್ ಕ್ರೋಮ್ ಬಿಟ್ಟು ನ್ಯಾನೊ ನಿಕಲ್‌ಗೆ ಹೋಗಬೇಕೆ?

ಹೈಡ್ರಾಲಿಕ್ ರಾಡಿನಂಥ ಭಾಗ ಸವೆಯದಂತೆ ಕರೆಂಟ್ ಹರಿಸಿ ಹಾಕುವ ಗಡಸು ಕ್ರೋಮ್ ಲೇಪನವೇ ಹಾರ್ಡ್ ಕ್ರೋಮ್. ಅದರ ಬದಲು ಅತಿ ಸಣ್ಣ ಕಣಗಳ ನಿಕಲ್ ಲೇಪನ, ಅಂದರೆ ನ್ಯಾನೊ ನಿಕಲ್, ಹಾಕಬಹುದೇ ಎಂಬುದು ಪ್ರಶ್ನೆ.

ಪರ

ಹೊಸ ಪ್ಲಾಂಟ್ ಹಾಕಬೇಕಿಲ್ಲ. ನಿಕಲ್ ಶಾಪುಗಳಲ್ಲಿ ಈಗಾಗಲೇ ಇರುವ ವಾಟ್ಸ್ ಬಾತ್ (ಲೇಪನ ಹಾಕುವ ನಿಕಲ್ ದ್ರಾವಣ) ಸಾಕು: ಲೀಟರಿಗೆ ನಿಕಲ್ ಸಲ್ಫೇಟ್ 300 ಗ್ರಾಂ, ನಿಕಲ್ ಕ್ಲೋರೈಡ್ 45, ಬೋರಿಕ್ ಆಸಿಡ್ 45. ಅದಕ್ಕೆ ಲೀಟರಿಗೆ 5 ಗ್ರಾಂ ಸ್ಯಾಕರಿನ್ ಸೇರಿಸಿ, ಪಿಎಚ್ 2ಕ್ಕೆ ಇಳಿಸಿ, 65 ಡಿಗ್ರಿಯಲ್ಲಿಟ್ಟು ಪಲ್ಸ್ ಕೊಡಿ, ಅಂದರೆ ಕರೆಂಟನ್ನು ಬಿಟ್ಟು ಬಿಟ್ಟು ಹರಿಸಿ: 2.5 ಮಿಲಿಸೆಕೆಂಡ್ ಆನ್, 45 ಮಿಲಿಸೆಕೆಂಡ್ ಆಫ್. ಆನ್ ಇರುವಾಗ ಚದರ ಸೆಂಟಿಮೀಟರಿಗೆ 1.9 ಆಂಪಿಯರ್. ಕರೆಂಟ್ ಅಷ್ಟು ಜೋರಾಗಿ ನುಗ್ಗಿದಾಗ ಹಳೆಯ ಕಣ ಬೆಳೆಯುವ ಬದಲು ಹೊಸ ಕಣಗಳು ಹುಟ್ಟುತ್ತವೆ. ಆಫ್ ಹೊತ್ತಿನಲ್ಲಿ ಜಾಬಿನ (ಲೇಪನ ಹಾಕುವ ಭಾಗದ) ಮೈ ಹತ್ತಿರ ತೀರಿಹೋದ ನಿಕಲ್ ಅಯಾನು ಮತ್ತೆ ಬಂದು ತುಂಬುತ್ತದೆ. ಮೇಲ್ಮೈಗೆ ಅಂಟಿಕೊಂಡ ಸ್ಯಾಕರಿನ್, ನಿಕಲ್ ಕಣಗಳನ್ನು ದಪ್ಪವಾಗಲು ಬಿಡುವುದಿಲ್ಲ. ಕಣದ ಗಾತ್ರ 10-20 ನ್ಯಾನೊಮೀಟರಿಗೆ ಇಳಿದು, 150ರ ಆಸುಪಾಸಿನಲ್ಲಿದ್ದ ವಿಕರ್ಸ್ ಗಡಸುತನ 500 ದಾಟುತ್ತದೆ.

ಹಾರ್ಡ್ ಕ್ರೋಮಿನಲ್ಲಿ ಕೊಟ್ಟ ಕರೆಂಟಿನ ಸುಮಾರು ಐದನೇ ಒಂದು ಭಾಗ ಲೋಹವಾದರೆ ಹೆಚ್ಚು. ಉಳಿದದ್ದು ಹೈಡ್ರೋಜನ್ ಗುಳ್ಳೆ. ಅದು ಒಡೆದಾಗ ಏಳುವ ವಿಷಕಾರಿ ಹೆಕ್ಸಾವೇಲೆಂಟ್ ಕ್ರೋಮಿನ ಮಂಜನ್ನು ಕುಡಿಯುವವರು ಟ್ಯಾಂಕಿನ ಪಕ್ಕ ನಿಂತವರು. ಇದೊಂದೇ ಕಾರಣ ಸಾಕು. ಪಲ್ಸ್ ಕೊಡುವ ಯಂತ್ರ, ಅಂದರೆ ಪಲ್ಸ್ ರೆಕ್ಟಿಫೈಯರ್, ದುಬಾರಿ ಎನ್ನುತ್ತೀರಾ? ಸ್ಯಾಕರಿನ್ ಇದ್ದರೆ ಸಾದಾ ಡಿಸಿಯಲ್ಲೂ (ನಿಲ್ಲದೆ ಒಂದೇ ಸಮ ಹರಿಯುವ ಕರೆಂಟಿನಲ್ಲೂ) ಕಣ 100 ನ್ಯಾನೊಮೀಟರಿನೊಳಗೇ ಉಳಿಯುತ್ತದೆ. ನ್ಯಾನೊ ನಿಕಲ್ ಬಿಸಿ ತಡೆಯದು ಎನ್ನುವ ಹಳೇ ರಾಗಕ್ಕೆ 1994ರಲ್ಲೇ ಕೆನಡಾದ ಒಂಟಾರಿಯೊ ಹೈಡ್ರೊ ಉತ್ತರ ಕೊಟ್ಟಿದೆ. ಪಿಕರಿಂಗ್ ಅಣುಸ್ಥಾವರದಲ್ಲಿ ಸ್ಟೀಮ್ ಜನರೇಟರ್ ಟ್ಯೂಬುಗಳನ್ನು ಒಳಗಿನಿಂದ ನ್ಯಾನೊ ನಿಕಲ್ ಹಾಕಿಯೇ ರಿಪೇರಿ ಮಾಡಿದರು. ಅಲ್ಲಿ ನಡೆದದ್ದು ಹೈಡ್ರಾಲಿಕ್ ರಾಡಿಗೆ ನಡೆಯದೆ?

ವಿರೋಧ

ವಿರೋಧ ಬರೆಯಿರಿ ಎಂದರು, ಬರೆಯುತ್ತಿದ್ದೇನೆ. ತಣ್ಣಗೆ ಓಡುವ ಜಾಬಿಗೆ ಈ ಲೇಪನದ ಬಗ್ಗೆ ನನ್ನ ತಕರಾರು ಅಷ್ಟೇನಿಲ್ಲ. ಆದರೆ ಪಿಕರಿಂಗ್ ಉದಾಹರಣೆ ಇಲ್ಲಿ ನಿಲ್ಲುವುದಿಲ್ಲ. ಅಲ್ಲಿನ ನಿಕಲ್‌ಗೆ ಚೂರು ಫಾಸ್ಫರಸ್ ಬೆರೆಸಿದ್ದರು. ಬಿಸಿಯಲ್ಲಿ ಕಣಗಳ ಅಂಚು ಸರಿಯದಂತೆ ಹಿಡಿಯುವುದು ಅದು. ಮೇಲೆ ಕೊಟ್ಟ ಬಾತಿನಲ್ಲಿ ಸ್ಯಾಕರಿನ್‌ನಿಂದ ಲೇಪನಕ್ಕೆ ಸೇರುವುದು ಗಂಧಕ. 300 ಡಿಗ್ರಿ ಆಸುಪಾಸು ಹೋದರೆ ಕಣ ದಪ್ಪವಾಗಿ ಗಡಸುತನ ಇಳಿಯುತ್ತದೆ, ಗಂಧಕ ಅಂಚುಗಳಲ್ಲಿ ಕೂಡಿಕೊಂಡು ಲೇಪನ ಪೆಡಸಾಗುತ್ತದೆ, ಬಗ್ಗಿಸಿದರೆ ಬಿರಿಯುತ್ತದೆ.

ಡಿಸಿ ಸಾಕು ಅನ್ನುವುದಾದರೆ ಪಲ್ಸಿನ ಅಷ್ಟೆಲ್ಲ ವರ್ಣನೆ ಯಾಕೆ? ಪಲ್ಸೇ ಬೇಕೆಂದರೆ ಲೆಕ್ಕ ಹಾಕಿ: ಕೇವಲ 5 ಚದರ ಡೆಸಿಮೀಟರ್ ಜಾಬಿಗೆ 950 ಆಂಪಿಯರ್ ಪೀಕ್ ಬೇಕು, ಸರಾಸರಿ ಸಿಗುವುದು ಸುಮಾರು 50. ಟ್ಯಾಂಕಿಗೆ ಎಳೆದ ಕೇಬಲ್ ಉದ್ದವಾದರೆ, ಪ್ಲಸ್ಸು ಮೈನಸ್ಸು ದೂರ ದೂರ ಓಡಿದರೆ, ಇಂಡಕ್ಟನ್ಸಿನಿಂದ (ಕರೆಂಟ್ ದಿಢೀರ್ ಏರಿಳಿಯದಂತೆ ತಡೆಯುವ ಗುಣದಿಂದ) ಪಲ್ಸಿನ ಅಂಚು ಇಳಿಜಾರಾಗಿ ಪೀಕ್ ಕುಸಿಯುತ್ತದೆ. ಆಮೀಟರ್ ಸರಾಸರಿಯನ್ನಷ್ಟೇ ತೋರಿಸುವುದರಿಂದ ಪಲ್ಸಿನ ಆಕಾರ ತೋರಿಸುವ ಆಸಿಲೋಸ್ಕೋಪ್ ಹಚ್ಚದೆ ಇದು ಗೊತ್ತಾಗುವುದೇ ಇಲ್ಲ. ಇನ್ನು ಹಾರ್ಡ್ ಕ್ರೋಮ್ 800 ವಿಕರ್ಸ್ ದಾಟುತ್ತದೆ ಎಂಬ ಸಾಲು ಪರ ಬರೆದವರ ಕಣ್ಣಿಗೆ ಬಿದ್ದಂತಿಲ್ಲ.

ಹಾಕಲೇಬೇಕು ಅನ್ನುವವರು ಪ್ರತಿ ಬ್ಯಾಚಿನ ಜೊತೆ ಒಂದು ಟೆಸ್ಟ್ ತಗಡು ಇಳಿಸಿ ಮೈಕ್ರೊ ವಿಕರ್ಸ್ ಗಡಸುತನ ನೋಡಲಿ. ಬಾತನ್ನು ಪರೀಕ್ಷಿಸುವ ಪುಟ್ಟ ತೊಟ್ಟಿ ಹಲ್ ಸೆಲ್ ಒಂದನ್ನೇ ನಂಬಿದರೆ ಆಗದು. ಅದರಲ್ಲಿ ಹೊಳಪು ಕಾಣುತ್ತದೆ, ಕಣದ ಗಾತ್ರ ಕಾಣುವುದಿಲ್ಲ.